ಆಟಗಾರ–ಅನ್ಯಗ್ರಹ ದಾಳಿ ಕಾದಂಬರಿ

ವಿಡಿಯೊ ಗೇಮ್ ಆಡಿ ಪಳಗಿದ ಸಾಮಾನ್ಯ ವ್ಯಕ್ತಿ, ಭೂಮಿಯ ಮೇಲೆ ಎರಗುವ ಅನ್ಯಗ್ರಹ ಜೀವಿಗಳನ್ನು ಆ ಆಟದ ಕೈಚಳಕದಿಂದಲೇ ಎದುರಿಸುವ ಕಥೆಯುಳ್ಳ ವೈಜ್ಞಾನಿಕ ಕಾದಂಬರಿಗಳ ಒಂದು ಒಳಪ್ರಕಾರ. ಅಮೆರಿಕದ ಲೇಖಕ ಅರ್ನೆಸ್ಟ್ ಕ್ಲೈನ್ ಅವರ ‘ಆರ್ಮಡಾ’ (2015) ಇದರ ನೇರ ಮಾದರಿ. ಆರ್ಸನ್ ಸ್ಕಾಟ್ ಕಾರ್ಡ್ ಅವರ ‘ಎಂಡರ್ಸ್ ಗೇಮ್’ (1985) ಇದರ ಅತಿ ಪ್ರಭಾವಿ ಕೃತಿ. ಕಾದಂಬರಿ, ಸಿನಿಮಾ, ಆಟದ ಯಂತ್ರ ಈ ಮೂರೂ ಒಂದರಿಂದೊಂದು ಕಡ ಪಡೆದು ಬೆಳೆದವು. ಹಾಗಾಗಿ ಕಾದಂಬರಿಯೊಂದನ್ನೇ ಬಿಡಿಸಿ ನೋಡಿದರೆ ಚಿತ್ರ ಅರ್ಧವಾಗುತ್ತದೆ.

ಪರಿಭಾಷೆ

ಸೈನ್ಸ್ ಫಿಕ್ಷನ್ನಿಗೆ ಕನ್ನಡದಲ್ಲಿ ವಿಜ್ಞಾನ ಕಥೆ, ವೈಜ್ಞಾನಿಕ ಕಾದಂಬರಿ ಎಂಬ ಹೆಸರುಗಳು ಬಳಕೆಯಲ್ಲಿವೆ. ವಿಜ್ಞಾನವನ್ನು ತಿಳಿಯಹೇಳುವ ಬರಹವನ್ನೂ ಒಮ್ಮೊಮ್ಮೆ ಇದೇ ಹೆಸರಿನಿಂದ ಕರೆಯುವುದುಂಟು. ಇಲ್ಲಿ ಕಲ್ಪಿತ ಕಥೆಯನ್ನು ಮಾತ್ರ ಆ ಹೆಸರಿನಿಂದ ಗುರುತಿಸಿದೆ. ‘ಆಟಗಾರ’ ಎಂದೊಡನೆ ಕನ್ನಡಿಗರಿಗೆ ಹೊಳೆಯುವುದು ಕಬಡ್ಡಿಯವನು ಅಥವಾ ಕ್ರಿಕೆಟ್ಟಿನವನು. ಪರದೆಯ ಮುಂದೆ ಕೂತು ಆಡುವವನನ್ನು ಯುವಜನ ‘ಗೇಮರ್’ ಎನ್ನುತ್ತಾರೆ. ಈ ಲೇಖನದಲ್ಲಿ ಎರಡು ಪದಗಳಿಗೂ ಒಂದೇ ಅರ್ಥ. ‘ಅನ್ಯಗ್ರಹ ಜೀವಿ’ ಎಂಬುದೂ ಕರಾರುವಾಕ್ಕಾದ ಪದವಲ್ಲ. ಆರ್ಮಡಾದ ಶತ್ರುಗಳು ಬರುವುದು ಗ್ರಹದಿಂದಲ್ಲ, ಗುರುಗ್ರಹದ ಉಪಗ್ರಹವಾದ ಯುರೋಪಾದಿಂದ. ಆದರೂ ರೂಢಿಯ ಪದವನ್ನೇ ಉಳಿಸಿಕೊಂಡಿದೆ.

ತಾನು ಆಡುತ್ತಿರುವುದು ಆಟವಲ್ಲ, ನಿಜವಾದ ಯುದ್ಧ ಎಂದು ಆಟಗಾರನಿಗೆ ಗೊತ್ತಾಗುವ ಕ್ಷಣವನ್ನು ಇಲ್ಲಿ ‘ತಿಳಿವಿನ ಗಳಿಗೆ’ ಎಂದು ಕರೆದಿದೆ. ಈ ಬಗೆಯ ಬಹುತೇಕ ಕೃತಿಗಳಲ್ಲಿ ಅಂಥದೊಂದು ಗಳಿಗೆ ಇರುತ್ತದೆ. ಅದು ಕಥೆಯ ಯಾವ ಹಂತದಲ್ಲಿ ಬರುತ್ತದೆ ಎಂಬುದರ ಮೇಲೆ ಕೃತಿಯ ಸ್ವಭಾವವೇ ಬದಲಾಗುತ್ತದೆ.

ಮೂಲ

ಅನ್ಯಗ್ರಹ ದಾಳಿಯ ಕಥೆಗೆ ಗಟ್ಟಿ ರೂಪ ಕೊಟ್ಟವರು ಇಂಗ್ಲೆಂಡಿನ ಎಚ್.ಜಿ. ವೆಲ್ಸ್. ಅವರ ‘ದಿ ವಾರ್ ಆಫ್ ದಿ ವರ್ಲ್ಡ್ಸ್’ 1897ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು 1898ರಲ್ಲಿ ಪುಸ್ತಕವಾಯಿತು. ಮಂಗಳ ಗ್ರಹದವರು ಇಂಗ್ಲೆಂಡಿನ ಮೇಲೆ ದಾಳಿ ಮಾಡುತ್ತಾರೆ. ಮನುಷ್ಯರ ತೋಪುಗಳಿಗೆ ಬಗ್ಗದ ಅವರನ್ನು ಕೊನೆಗೆ ಕೊಲ್ಲುವುದು ಭೂಮಿಯ ಸೂಕ್ಷ್ಮಜೀವಿಗಳು. ಟ್ಯಾಸ್ಮೇನಿಯಾದ ಮೂಲನಿವಾಸಿಗಳನ್ನು ಯೂರೋಪಿನವರು ನಿರ್ನಾಮ ಮಾಡಿದ್ದನ್ನು ವೆಲ್ಸ್ ಕಥೆಯ ಆರಂಭದಲ್ಲಿಯೇ ನೆನಪಿಸುತ್ತಾರೆ. ವಸಾಹತು ನಡೆಸುತ್ತಿದ್ದ ದೇಶವೇ ವಸಾಹತಾದರೆ ಹೇಗಿರುತ್ತದೆ ಎಂಬುದು ಅವರ ಪ್ರಶ್ನೆಯಾಗಿತ್ತು. ಮುಂದಿನ ಬಹುಪಾಲು ದಾಳಿಕಥೆಗಳು ಯುದ್ಧವನ್ನು ಇಟ್ಟುಕೊಂಡು ಆ ಪ್ರಶ್ನೆಯನ್ನು ಕೈಬಿಟ್ಟವು.

ಆಟದ ಮರೆಯಲ್ಲಿ ಯುದ್ಧ ಎಂಬ ಎರಡನೆಯ ಎಳೆ ವಿಡಿಯೊ ಗೇಮ್‌ಗಿಂತ ಹಳೆಯದು. ಫಿಲಿಪ್ ಕೆ. ಡಿಕ್ ಅವರ ‘ಟೈಮ್ ಔಟ್ ಆಫ್ ಜಾಯಿಂಟ್’ (1959) ಕಾದಂಬರಿಯ ನಾಯಕ ರೇಗಲ್ ಗಮ್ ದಿನಪತ್ರಿಕೆಯ ಬಹುಮಾನದ ಒಗಟು ಬಿಡಿಸಿ ಹೊಟ್ಟೆ ಹೊರೆಯುವವನು. ‘ಹಸಿರು ಕುಳ್ಳ ಮುಂದೆ ಎಲ್ಲಿ ಕಾಣಿಸಿಕೊಳ್ಳುತ್ತಾನೆ?’ ಎಂಬುದು ಒಗಟು. ಅವನು ಗುರುತು ಹಾಕಿ ಕಳಿಸುವ ಚೌಕಗಳು ವಾಸ್ತವದಲ್ಲಿ ಚಂದ್ರನ ಮೇಲಿನ ಬಂಡುಕೋರರ ಕ್ಷಿಪಣಿಗಳು ಬೀಳಲಿರುವ ಜಾಗಗಳು. ಅವನ ಸುತ್ತಲಿನ ಇಡೀ ಊರು ಅವನನ್ನು ನಂಬಿಸಲೆಂದೇ ಕಟ್ಟಿದ್ದು. ಇಲ್ಲಿ ಪರದೆಯಿಲ್ಲ, ಗುಂಡಿಗಳಿಲ್ಲ, ಶತ್ರುಗಳೂ ಮನುಷ್ಯರೇ. ಆದರೆ ಈ ಪ್ರಕಾರದ ಎಲುಬುಗೂಡು ಪೂರ್ತಿಯಾಗಿ ಇಲ್ಲಿದೆ.

ಆಟದ ಯಂತ್ರಗಳು

ಮೊದಲ ತಲೆಮಾರಿನ ಕಂಪ್ಯೂಟರ್ ಆಟಗಳಲ್ಲೇ ಬಾಹ್ಯಾಕಾಶ ಯುದ್ಧವಿತ್ತು. ಅಮೆರಿಕದ ಎಂಐಟಿಯಲ್ಲಿ ಸ್ಟೀವ್ ರಸೆಲ್ ಮತ್ತು ಗೆಳೆಯರು 1962ರಲ್ಲಿ ರೂಪಿಸಿದ ‘ಸ್ಪೇಸ್‌ವಾರ್!’ನಲ್ಲಿ ಎರಡು ನೌಕೆಗಳು ಪರಸ್ಪರ ಗುಂಡು ಹಾರಿಸುತ್ತವೆ. ಅಲ್ಲಿ ಎರಡು ಕಡೆಯೂ ಮನುಷ್ಯರೇ ಆಡಬೇಕಿತ್ತು. ಅನ್ಯಗ್ರಹದವರನ್ನು ಆಟದ ಕೇಂದ್ರಕ್ಕೆ ತಂದದ್ದು 1978ರ ‘ಸ್ಪೇಸ್ ಇನ್ವೇಡರ್ಸ್’. ಜಪಾನಿನ ಟೈಟೊ ಸಂಸ್ಥೆಗಾಗಿ ಟೊಮೊಹಿರೊ ನಿಶಿಕಾಡೊ ಇದನ್ನು ರೂಪಿಸಿದರು. ಮನುಷ್ಯರ ಮೇಲೆ ಗುಂಡು ಹಾರಿಸುವ ಆಟ ಬೇಡವೆಂದು ತೀರ್ಮಾನವಾದ್ದರಿಂದ ಗುರಿ ಅನ್ಯಲೋಕದವರ ಕಡೆ ತಿರುಗಿತು. ವೆಲ್ಸ್ ಕಥೆಯ ನೆನಪಿನಲ್ಲಿ ಅವರಿಗೆ ಆಕ್ಟೋಪಸ್, ಸ್ಕ್ವಿಡ್, ಏಡಿಗಳ ಆಕಾರ ಬಂತು.

ಐದು ಸಾಲು, ಸಾಲಿಗೆ 11ರಂತೆ 55 ಆಕ್ರಮಣಕಾರರು ಪರದೆಯ ಮೇಲಿನಿಂದ ಹೆಜ್ಜೆಹೆಜ್ಜೆಯಾಗಿ ಇಳಿಯುತ್ತಾರೆ. ಸತ್ತಷ್ಟೂ ಉಳಿದವರ ವೇಗ ಹೆಚ್ಚುತ್ತದೆ. ಇದು ಮೊದಲು ಯೋಜಿಸಿದ್ದಲ್ಲ. ಕಡಿಮೆ ಚಿತ್ರಗಳನ್ನು ಬರೆಯಬೇಕಾದಾಗ ಯಂತ್ರದ ಪ್ರೊಸೆಸರ್ ಬೇಗ ಕೆಲಸ ಮುಗಿಸುತ್ತಿತ್ತು, ಅದರಿಂದ ವೇಗ ತಾನಾಗಿ ಏರುತ್ತಿತ್ತು. ಅದು ಎದೆಬಡಿತ ಹೆಚ್ಚಿಸುವುದನ್ನು ಕಂಡ ನಿಶಿಕಾಡೊ ಹಾಗೆಯೇ ಬಿಟ್ಟರು. ಗೆಲುವು ಹತ್ತಿರವಾದಂತೆ ಶತ್ರು ಕಠಿಣವಾಗುವ ಈ ಲಯ ಮುಂದೆ ಕಾದಂಬರಿಗಳ ಯುದ್ಧ ಅಧ್ಯಾಯಗಳಿಗೂ ಬಂದಿತು. ಈ ಆಟದಲ್ಲಿ ಕೊನೆಯ ಗೆಲುವೇ ಇಲ್ಲ. ಒಂದು ಪಡೆ ಮುಗಿದರೆ ಇನ್ನೊಂದು ಇಳಿಯುತ್ತದೆ. ಕಾದಂಬರಿಗೆ ಅಂತ್ಯ ಬೇಕೇ ಬೇಕಾದ್ದರಿಂದ ಆಟವನ್ನು ಕಥೆ ಮಾಡುವವರು ಎದುರಿಸುವ ಮೊದಲ ತೊಡಕು ಇದು.

1980ರಲ್ಲಿ ಅಟಾರಿ ಸಂಸ್ಥೆಯ ‘ಬ್ಯಾಟಲ್‌ಜೋನ್’ ಬಂತು. ಟ್ಯಾಂಕಿನ ಒಳಗಿನಿಂದ ನೋಡಿದಂತೆ ಹಸಿರು ಗೆರೆಗಳಲ್ಲಿ ಯುದ್ಧಭೂಮಿಯನ್ನು ತೋರಿಸುತ್ತಿದ್ದ ಈ ಆಟ ಅಮೆರಿಕದ ಸೇನೆಯ ಕಣ್ಣಿಗೆ ಬಿತ್ತು. ಬ್ರಾಡ್ಲಿ ಯುದ್ಧವಾಹನದ ಗುರಿಕಾರರ ತರಬೇತಿಗಾಗಿ ಅದರ ಬೇರೊಂದು ರೂಪವನ್ನು ಅಟಾರಿ ತಯಾರಿಸಿತು. ಮೂಲ ಆಟವನ್ನು ಬರೆದ ಎಡ್ ರಾಟ್‌ಬರ್ಗ್ ಆ ಕೆಲಸಕ್ಕೆ ಮನಸ್ಸಿಲ್ಲದೆ ಒಪ್ಪಿದ್ದರು. ಆಟವೇ ಸೈನ್ಯದ ತರಬೇತಿ ಎಂಬ ಕಥಾವಸ್ತು ಕೇವಲ ಕಲ್ಪನೆಯಲ್ಲ ಎನ್ನಲು ಈ ಒಂದು ಪ್ರಸಂಗ ಸಾಕು.

ರಚನೆ

ಈ ಕಥೆಗಳಿಗೆ ಸಾಮಾನ್ಯವಾಗಿ ನಾಲ್ಕು ಕಂಬಗಳು: ಕೆಲಸಕ್ಕೆ ಬಾರದ ಹವ್ಯಾಸದಲ್ಲಿ ಮುಳುಗಿದ್ದಾನೆಂದು ಊರು ಬೈಯುವ ಹುಡುಗ, ಅವನು ಅಗ್ರಸ್ಥಾನದಲ್ಲಿರುವ ಆಟ, ಅವನನ್ನು ಹುಡುಕಿಕೊಂಡು ಬರುವ ಸೇನೆ ಅಥವಾ ದೂತ, ದೂರದಿಂದ ನಡೆಸಬಹುದಾದ ಆಯುಧ. ಮೊದಲನೆಯದು ಓದುಗನನ್ನು ಹಿಡಿಯುತ್ತದೆ. ವ್ಯರ್ಥವೆಂದು ಎಲ್ಲರೂ ತೀರ್ಮಾನಿಸಿದ ಪರಿಣತಿಗೆ ಲೋಕವೇ ಬಂದು ತಲೆಬಾಗುವುದು ಹದಿಹರೆಯದ ಓದುಗರಿಗೆ ಬೇಕಾದ ಕನಸು.

ನಾಲ್ಕನೆಯದು ವಿಜ್ಞಾನದ ತೊಡಕು ತರುತ್ತದೆ. ಭೂಮಿಯಲ್ಲಿ ಕೂತು ದೂರದ ನೌಕೆಯನ್ನು ಆಟದಂತೆ ನಡೆಸಲು ಸಂಕೇತ ತಕ್ಷಣ ತಲುಪಬೇಕು. ರೇಡಿಯೊ ಸಂಕೇತಕ್ಕೆ ಚಂದ್ರನನ್ನು ಮುಟ್ಟಲು ಸುಮಾರು 1.3 ಸೆಕೆಂಡು ಬೇಕು. ಗುರುಗ್ರಹಕ್ಕೆ, ಅದು ಇರುವ ದೂರವನ್ನು ಅನುಸರಿಸಿ, ಸುಮಾರು 33ರಿಂದ 54 ನಿಮಿಷ. ಇದಕ್ಕೆ ಕರ್ನಾಟಕದಲ್ಲೇ ಒಂದು ನಿದರ್ಶನವಿದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಿದಾಗ ಸಂಕೇತಕ್ಕೆ ಒಂದು ಕಡೆಗೆ ಸುಮಾರು 12 ನಿಮಿಷ ಹಿಡಿಯುತ್ತಿತ್ತು. ಹಾಗಾಗಿ ಎಂಜಿನ್ ಉರಿಸುವ ಆಜ್ಞೆಗಳನ್ನು ಮುಂಚೆಯೇ ನೌಕೆಗೆ ಕಳಿಸಿಡಲಾಗಿತ್ತು. ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿರುವ 18 ಮೀಟರ್ ಮತ್ತು 32 ಮೀಟರ್ ಅಗಲದ ಆಂಟೆನಾಗಳು ಇಂಥ ದೂರದ ನೌಕೆಗಳೊಡನೆ ಸಂಪರ್ಕ ಇಟ್ಟುಕೊಳ್ಳುತ್ತವೆ. ಅಲ್ಲಿನವರ ಕೆಲಸ ಗುಂಡಿ ಒತ್ತಿ ಫಲ ನೋಡುವ ಆಟದಂತಲ್ಲ. ಒತ್ತಿ ಕಾಯುವುದೇ ಹೆಚ್ಚು. ಕಾದಂಬರಿಕಾರರು ಈ ಕಾಯುವಿಕೆಯನ್ನು ಕಲ್ಪಿತ ಸಾಧನಗಳಿಂದ ದಾಟುತ್ತಾರೆ. ಕಾರ್ಡ್ ಬಳಸಿದ ‘ಆನ್ಸಿಬಲ್’ ಎಂಬ ತತ್‌ಕ್ಷಣ ಸಂಪರ್ಕ ಯಂತ್ರದ ಹೆಸರು ಉರ್ಸುಲಾ ಲೆ ಗ್ವಿನ್ ಅವರು 1966ರಲ್ಲಿ ಟಂಕಿಸಿದ್ದು. ಕ್ಲೈನ್ ಕ್ವಾಂಟಮ್ ಸಂಪರ್ಕವೆಂದು ಹೇಳಿ ಮುಂದೆ ಸಾಗುತ್ತಾರೆ.

ಪ್ರಕಾರಗಳು

ತಿಳಿವಿನ ಗಳಿಗೆ ಕೊನೆಯಲ್ಲಿ ಬರುವ ಕೃತಿಗಳಲ್ಲಿ ‘ಎಂಡರ್ಸ್ ಗೇಮ್’ ಮುಖ್ಯ. ಇದು ಮೊದಲು ಸಣ್ಣ ಕಥೆಯಾಗಿ 1977ರ ಆಗಸ್ಟ್‌ನಲ್ಲಿ ‘ಅನಲಾಗ್’ ಪತ್ರಿಕೆಯಲ್ಲಿ ಬಂತು, ಅಂದರೆ ಸ್ಪೇಸ್ ಇನ್ವೇಡರ್ಸ್‌ಗಿಂತ ಒಂದು ವರ್ಷ ಮೊದಲು. 1985ರಲ್ಲಿ ಕಾದಂಬರಿಯಾಗಿ ಬೆಳೆದು ನೆಬ್ಯುಲಾ, ಹ್ಯೂಗೊ ಎರಡೂ ಪ್ರಶಸ್ತಿಗಳನ್ನು ಪಡೆಯಿತು. ಕೀಟದಂಥ ಅನ್ಯಗ್ರಹ ಜೀವಿಗಳು ಎರಡು ಬಾರಿ ದಾಳಿ ಮಾಡಿದ ಮೇಲೆ ಭೂಮಿ ಮಕ್ಕಳನ್ನು ಸೇನಾಪತಿಗಳಾಗಿ ತಯಾರು ಮಾಡುತ್ತದೆ. ಆಂಡ್ರ್ಯೂ ‘ಎಂಡರ್’ ವಿಗ್ಗಿನ್ ಎಂಬ ಹುಡುಗ ಅಂತಿಮ ಪರೀಕ್ಷೆಯೆಂದು ನಂಬಿ ಕೃತಕ ಯುದ್ಧವೊಂದನ್ನು ಆಡಿ, ಶತ್ರುಗಳ ತಾಯ್ನೆಲವನ್ನೇ ಸುಟ್ಟುಹಾಕುತ್ತಾನೆ. ಆಟ ಮುಗಿದ ಮೇಲೆ ಹಿರಿಯರು ಅಳುವುದನ್ನು ಕಂಡಾಗಲೇ ಅದು ನಿಜವಾಗಿತ್ತೆಂದು ಅವನಿಗೆ ತಿಳಿಯುವುದು. ಗೊತ್ತಿದ್ದರೆ ಅವನು ಮಾಡುತ್ತಿರಲಿಲ್ಲ, ಗೊತ್ತಿಲ್ಲದವನಿಂದಲೇ ಈ ಕೆಲಸ ಸಾಧ್ಯ ಎಂಬುದು ಹಿರಿಯರ ಲೆಕ್ಕ. ಅಪರಾಧ ಯಾರದು ಎಂಬ ಪ್ರಶ್ನೆಯನ್ನು ಹೊತ್ತು ಮುಂದಿನ ಕಾದಂಬರಿ ‘ಸ್ಪೀಕರ್ ಫಾರ್ ದಿ ಡೆಡ್’ (1986) ಹುಟ್ಟಿತು.

ತಿಳಿವಿನ ಗಳಿಗೆ ಮೊದಲಲ್ಲೇ ಬಂದರೆ ಕಥೆ ಸಾಹಸದ ದಾರಿ ಹಿಡಿಯುತ್ತದೆ. 1984ರ ಚಲನಚಿತ್ರ ‘ದಿ ಲಾಸ್ಟ್ ಸ್ಟಾರ್‌ಫೈಟರ್’ ಇದಕ್ಕೆ ಉದಾಹರಣೆ. ಆಲನ್ ಡೀನ್ ಫಾಸ್ಟರ್ ಅದನ್ನು ಅದೇ ವರ್ಷ ಕಾದಂಬರಿಯಾಗಿಸಿದರು. ಟ್ರೇಲರ್ ಮನೆಗಳ ಬಡಾವಣೆಯಲ್ಲಿ ವಾಸಿಸುವ ಅಲೆಕ್ಸ್ ರೋಗನ್ ಆಟದ ಯಂತ್ರವೊಂದರಲ್ಲಿ ದಾಖಲೆ ಮುರಿಯುತ್ತಾನೆ. ಆ ಯಂತ್ರವನ್ನು ಇಟ್ಟಿದ್ದೇ ಯೋಧರನ್ನು ಆರಿಸಲು. ಅವನಿಗೆ ‘ಇಲ್ಲ’ ಎನ್ನುವ ಅವಕಾಶವಿದೆ, ಮೊದಲು ಹಾಗೆಯೇ ಅನ್ನುತ್ತಾನೆ. ನೌಕೆಗಳ ದೃಶ್ಯಗಳನ್ನು ಕ್ರೇ ಸೂಪರ್ ಕಂಪ್ಯೂಟರ್‌ನಲ್ಲಿ ರಚಿಸಿದ್ದು ಆ ಕಾಲಕ್ಕೆ ಹೊಸದು.

ದಿಕ್ಕನ್ನೇ ತಿರುಗಿಸಿದ ಕೃತಿಗಳು ಸಂಖ್ಯೆಯಲ್ಲಿ ಕಡಿಮೆ, ತೂಕದಲ್ಲಿ ಹೆಚ್ಚು. ಟೆರಿ ಪ್ರ್ಯಾಚೆಟ್ ಅವರ ‘ಓನ್ಲಿ ಯು ಕ್ಯಾನ್ ಸೇವ್ ಮ್ಯಾನ್‌ಕೈಂಡ್’ (1992) ಕಾದಂಬರಿಯಲ್ಲಿ ಜಾನಿ ಮ್ಯಾಕ್ಸ್‌ವೆಲ್ ಆಡುತ್ತಿರುವಾಗ ಆಟದೊಳಗಿನ ಅನ್ಯಗ್ರಹದವರು ಶರಣಾಗಿಬಿಡುತ್ತಾರೆ. ಅವರನ್ನು ಕಾಪಾಡಿ ಮನೆ ಮುಟ್ಟಿಸುವುದು ಈಗ ಅವನ ಹೊಣೆ. ಮನೆಯ ಟಿವಿಯಲ್ಲಿ ಕೊಲ್ಲಿ ಯುದ್ಧದ ಚಿತ್ರಗಳು ಆಟದಂತೆಯೇ ಓಡುತ್ತಿರುತ್ತವೆ. ಚೀನಾದ ಲಿಯು ಸಿಕ್ಸಿನ್ ಅವರ ‘ತ್ರೀ ಬಾಡಿ ಪ್ರಾಬ್ಲಮ್’ (ಧಾರಾವಾಹಿ 2006, ಪುಸ್ತಕ 2008) ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. ಮೂರು ಸೂರ್ಯರ ಲೋಕವನ್ನು ಅನುಭವಕ್ಕೆ ತರುವ ಆಟವೊಂದು ಅಲ್ಲಿ ಜನರನ್ನು ಸೇರಿಸಿಕೊಳ್ಳುತ್ತದೆ, ಭೂಮಿಯ ಪರವಾಗಿ ಅಲ್ಲ, ದಾಳಿಕಾರರ ಪರವಾಗಿ. ಜಪಾನಿನ ಹಿರೋಶಿ ಸಾಕುರಾಜಾಕಾ ಅವರ ‘ಆಲ್ ಯು ನೀಡ್ ಈಸ್ ಕಿಲ್’ (2004) ಆಟದ ಇನ್ನೊಂದು ಗುಣವನ್ನು ಎತ್ತಿಕೊಂಡಿತು: ಸತ್ತರೆ ಮೊದಲಿನಿಂದ ಮತ್ತೆ ಆಡುವುದು. ಅದರ ಸೈನಿಕ ಒಂದೇ ದಿನದ ಯುದ್ಧವನ್ನು ಮರಳಿ ಮರಳಿ ಸತ್ತು ಕಲಿಯುತ್ತಾನೆ. 2014ರ ‘ಎಡ್ಜ್ ಆಫ್ ಟುಮಾರೊ’ ಚಿತ್ರಕ್ಕೆ ಇದೇ ಮೂಲ.

ಆರ್ಮಡಾ

1972ರಲ್ಲಿ ಒಹಾಯೊದಲ್ಲಿ ಹುಟ್ಟಿದ ಅರ್ನೆಸ್ಟ್ ಕ್ಲೈನ್ ‘ರೆಡಿ ಪ್ಲೇಯರ್ ಒನ್’ (2011) ಕಾದಂಬರಿಯಿಂದ ಹೆಸರಾದವರು. ಆರ್ಮಡಾ ಅವರ ಎರಡನೆಯ ಕಾದಂಬರಿ. ಕ್ರೌನ್ ಪ್ರಕಾಶನ 2015ರ ಜುಲೈ 14ರಂದು ಪ್ರಕಟಿಸಿತು. ನಟ ವಿಲ್ ವೀಟನ್ ಅದರ ಧ್ವನಿಪುಸ್ತಕವನ್ನು ಓದಿದ್ದಾರೆ.

ಆರೆಗಾನ್ ರಾಜ್ಯದ ಬೀವರ್‌ಟನ್ ಊರಿನ ಜ್ಯಾಕ್ ಲೈಟ್‌ಮನ್ ಶಾಲೆಯ ಕೊನೆಯ ವರ್ಷದ ಹುಡುಗ. ತರಗತಿಯ ಕಿಟಕಿಯಾಚೆ ಅವನಿಗೆ ಹಾರುವ ನೌಕೆಯೊಂದು ಕಾಣುತ್ತದೆ. ಅದು ಅವನು ದಿನವೂ ಆಡುವ ಆರ್ಮಡಾ ಎಂಬ ಆಟದ ಶತ್ರುನೌಕೆ. ತನ್ನ ಬುದ್ಧಿಯೇ ಕೆಟ್ಟಿತೇ ಎಂದು ಅವನು ಹೆದರಲು ಕಾರಣವಿದೆ. ಅವನು ಕೂಸಾಗಿದ್ದಾಗಲೇ ತೀರಿಹೋದನೆಂದು ನಂಬಲಾದ ತಂದೆ ಕ್ಸೇವಿಯರ್, ಸಿನಿಮಾ ಮತ್ತು ವಿಡಿಯೊ ಗೇಮ್‌ಗಳ ಮೂಲಕ ಜನರನ್ನು ಗುಟ್ಟಾಗಿ ಯುದ್ಧಕ್ಕೆ ಅಣಿಗೊಳಿಸಲಾಗುತ್ತಿದೆ ಎಂಬ ಶಂಕೆಯನ್ನು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟಿರುತ್ತಾನೆ. ಶಂಕೆ ನಿಜವಾಗುತ್ತದೆ. ಭೂರಕ್ಷಣಾ ಒಕ್ಕೂಟವೊಂದು ಆಟದಲ್ಲಿ ಮುಂದಿರುವವರನ್ನು ಕರೆದೊಯ್ದು ಡ್ರೋನ್‌ಗಳನ್ನು ನಡೆಸಲು ಕೂರಿಸುತ್ತದೆ. ತಂದೆಯೂ ಬದುಕಿದ್ದಾನೆ, ಚಂದ್ರನ ಮೇಲಿನ ನೆಲೆಯಲ್ಲಿ. ಕಥೆಯ ಕೊನೆಯಲ್ಲಿ ಯುದ್ಧವೇ ಮಾನವಕುಲವನ್ನು ಅಳೆಯಲು ಇಟ್ಟ ಪರೀಕ್ಷೆಯಾಗಿತ್ತೆಂದು ಬಯಲಾಗುತ್ತದೆ. ಆಟವೆಂದುಕೊಂಡದ್ದು ಯುದ್ಧವಾಯಿತು, ಯುದ್ಧವೆಂದುಕೊಂಡದ್ದು ಮತ್ತೆ ಆಟದಂಥದೇ ಆಯಿತು. ತಿಳಿವಿನ ಗಳಿಗೆ ಎರಡು ಸಲ ಬರುವುದು ಈ ಕೃತಿಯ ಹೊಸತನ.

ಹಿಂದಿನ ಕೃತಿಗಳ ಋಣವನ್ನು ಕ್ಲೈನ್ ಮುಚ್ಚಿಡುವುದಿಲ್ಲ. ನಾಯಕನ ಮನೆತನದ ಹೆಸರು ಲೈಟ್‌ಮನ್ 1983ರ ‘ವಾರ್‌ಗೇಮ್ಸ್’ ಚಿತ್ರದ ಹುಡುಗನದು. ಆಟದ ಯಂತ್ರದ ಮೂಲಕ ಜನರ ಮೇಲೆ ಪ್ರಯೋಗ ನಡೆದಿತ್ತೆಂಬ ‘ಪಾಲಿಬಿಯಸ್’ ಎಂಬ ಅಮೆರಿಕದ ಗಾಳಿಸುದ್ದಿಯೂ ಕಥೆಯಲ್ಲಿದೆ. ಪುಸ್ತಕ ಚೆನ್ನಾಗಿ ಮಾರಾಟವಾಯಿತು, ವಿಮರ್ಶಕರು ಅಷ್ಟು ಮೆಚ್ಚಲಿಲ್ಲ. 1980ರ ದಶಕದ ಸಿನಿಮಾ, ಹಾಡು, ಆಟಗಳ ಪ್ರಸ್ತಾಪ ಪುಟಪುಟದಲ್ಲೂ ಬರುವುದು, ಕಥೆ ‘ಸ್ಟಾರ್‌ಫೈಟರ್’ ಮತ್ತು ‘ಎಂಡರ್’ಗಳ ಜಾಡಿನಲ್ಲೇ ಸಾಗುವುದು ಮುಖ್ಯ ಆಕ್ಷೇಪಗಳು. ಆ ಚಿತ್ರಗಳನ್ನು ನೋಡದ ಓದುಗರಿಗೆ, ಕನ್ನಡದ ಬಹುಪಾಲು ಓದುಗರಂತೆ, ಅರ್ಧ ಹಾಸ್ಯ ತಪ್ಪಿಹೋಗುತ್ತದೆ. ಆರ್ಮಡಾ ಬಂದ ಹತ್ತೇ ದಿನಗಳಲ್ಲಿ, ಪ್ಯಾಟ್ರಿಕ್ ಜ್ಯಾಂ ಅವರ 2010ರ ಕಿರುಚಿತ್ರವನ್ನು ಆಧರಿಸಿದ ‘ಪಿಕ್ಸೆಲ್ಸ್’ ಚಿತ್ರವೂ ಅಮೆರಿಕದಲ್ಲಿ ತೆರೆ ಕಂಡಿತು. ಅದರಲ್ಲಿ ಭೂಮಿಯವರ ಆಟದ ವಿಡಿಯೊ ನೋಡಿದ ಅನ್ಯಗ್ರಹದವರು ಅದನ್ನೇ ಯುದ್ಧಘೋಷಣೆ ಎಂದುಕೊಳ್ಳುತ್ತಾರೆ.

ಕನ್ನಡದಲ್ಲಿ

ಕನ್ನಡದಲ್ಲಿ ಈ ಪ್ರಕಾರದ ಎಳೆಗಳು ಬೇರೆಬೇರೆ ಕಡೆ ಹರಡಿವೆ. ವಿಜ್ಞಾನ ಕಥೆಯ ಎಳೆಯಲ್ಲಿ ರಾಜಶೇಖರ ಭೂಸನೂರಮಠ ಮತ್ತು ಸಂಜಯ ಹಾವನೂರ ಎದ್ದು ಕಾಣುವ ಹೆಸರುಗಳು. ಬಾಳ ಫೊಂಡಕೆ ಸಂಪಾದಿಸಿ ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಪ್ರಕಟಿಸಿದ ಭಾರತೀಯ ವಿಜ್ಞಾನ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿ ಕನ್ನಡವನ್ನು ಪ್ರತಿನಿಧಿಸಿದವರು ಇವರಿಬ್ಬರು. ಅದರಲ್ಲಿ ಭೂಸನೂರಮಠರ ಕಥೆಯ ಹೆಸರು ‘ವೀನಸ್ ಈಸ್ ವಾಚಿಂಗ್’; ಭೂಮಿಯನ್ನು ಶುಕ್ರಗ್ರಹ ಗಮನಿಸುತ್ತಿದೆ ಎಂಬ ಆ ಹೆಸರಲ್ಲೇ ದೃಷ್ಟಿಯ ತಿರುವು ಇದೆ. ಹಾವನೂರರದು ‘ದಿ ಲಿಫ್ಟ್’.

ಹಾರುವ ತಟ್ಟೆಗಳ ಎಳೆ ಕನ್ನಡ ಓದುಗರಿಗೆ ವ್ಯಾಪಕವಾಗಿ ತಲುಪಿದ್ದು ಕಥೆಯ ಮೂಲಕವಲ್ಲ, ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ‘ಫ್ಲೈಯಿಂಗ್ ಸಾಸರ್ಸ್’ ಪುಸ್ತಕಗಳ ಮೂಲಕ. ಎರಡು ಭಾಗಗಳ ಈ ಬರಹ ಅನ್ಯಲೋಕದ ನೌಕೆಗಳನ್ನು ಕಂಡೆವೆಂದವರ ಹೇಳಿಕೆಗಳನ್ನು ಪರಿಶೀಲಿಸುತ್ತದೆ. ದಾಳಿಯ ರೋಚಕತೆಗಿಂತ ಕಂಡದ್ದೇನು ಎಂಬ ಕುತೂಹಲ ಅಲ್ಲಿ ಮುಖ್ಯ.

ತೇಜಸ್ವಿಯವರ ‘ಕರ್ವಾಲೊ’ (1980) ವಿಡಿಯೊ ಗೇಮ್‌ಗೂ ಅನ್ಯಗ್ರಹಕ್ಕೂ ಸಂಬಂಧವಿಲ್ಲದ ಕಾದಂಬರಿ. ಆದರೆ ಈ ಪ್ರಕಾರದ ಮೊದಲ ಕಂಬಕ್ಕೆ ಕನ್ನಡದಲ್ಲಿ ಅದಕ್ಕಿಂತ ಒಳ್ಳೆಯ ಹೋಲಿಕೆ ಸಿಗುವುದಿಲ್ಲ. ಜೇನು ಹುಡುಕಿಕೊಂಡು ಅಲೆಯುವ ಮಂದಣ್ಣನನ್ನು ಊರು ಉಡಾಳನ ಲೆಕ್ಕಕ್ಕೆ ಸೇರಿಸಿದೆ. ವಿಜ್ಞಾನಿ ಕರ್ವಾಲೊಗೆ ಮಾತ್ರ ಅವನ ಕಣ್ಣಿನಲ್ಲಿ ಹುಟ್ಟು ಜೀವಶಾಸ್ತ್ರಜ್ಞ ಕಾಣುತ್ತಾನೆ. ಹಾರುವ ಓತಿಯ ಶೋಧಕ್ಕೆ ಅವನೇ ಆಧಾರ. ಆಟದ ಹುಡುಗನನ್ನು ಹುಡುಕಿ ಬರುವ ಸೇನಾಧಿಕಾರಿಗೂ ಮಂದಣ್ಣನನ್ನು ಗುರುತಿಸಿದ ಕರ್ವಾಲೊಗೂ ಕಥೆಯಲ್ಲಿ ಒಂದೇ ಜಾಗ. ವ್ಯತ್ಯಾಸ ಇರುವುದು ಅಪರಿಚಿತ ಜೀವಿಯನ್ನು ಎದುರುಗೊಳ್ಳುವ ಗಳಿಗೆಯಲ್ಲಿ. ಓತಿ ಕೈಗೆ ಸಿಗದೆ ಹಾರಿಹೋಗುತ್ತದೆ, ಬೆನ್ನತ್ತಿದವರು ಬೆರಗಿನಿಂದ ನೋಡುತ್ತ ನಿಲ್ಲುತ್ತಾರೆ.

ಸಿನಿಮಾದಲ್ಲಿ ಉಪೇಂದ್ರ ನಟಿಸಿ ದಿನೇಶ್ ಬಾಬು ನಿರ್ದೇಶಿಸಿದ ‘ಹಾಲಿವುಡ್’ (2002) ರೋಬೋಟನ್ನು, ‘ಬ್ಲಿಂಕ್’ (2024) ಕಾಲಯಾನವನ್ನು ವಸ್ತುವಾಗಿ ಮಾಡಿಕೊಂಡವು.

ಓದುಗರಿಗೆ ಆಟದ ಪರಿಚಯ ಪುಸ್ತಕಕ್ಕಿಂತ ಮೊದಲು ಆಯಿತು. 1990ರ ದಶಕದಲ್ಲಿ ಟಿವಿಗೆ ಜೋಡಿಸುವ ಅಗ್ಗದ ವಿಡಿಯೊ ಗೇಮ್ ಪೆಟ್ಟಿಗೆಗಳು ಭಾರತದ ಪೇಟೆಗಳಿಗೆ ಬಂದವು. ಅವುಗಳಿಗೆ ಹಾಕುವ ಕಾರ್ಟ್ರಿಜ್‌ಗೆ ಮಕ್ಕಳ ಬಾಯಲ್ಲಿ ‘ಕ್ಯಾಸೆಟ್’ ಎಂದೇ ಹೆಸರು. ಮಾರಿಯೊ ಜತೆಗೆ ಹೆಚ್ಚು ಆಡಿದ್ದು ಕೊನಾಮಿ ಸಂಸ್ಥೆಯ ‘ಕಾಂಟ್ರಾ’ (1987). ಕಾಡಿನಲ್ಲಿ ಓಡುತ್ತ ಗುಂಡು ಹಾರಿಸುವ ಇಬ್ಬರು ಸೈನಿಕರ ಆಟವೆಂದೇ ಅದು ನೆನಪಿನಲ್ಲಿ ಉಳಿದಿದೆ. ಅದರ ಕಥೆಯ ಪ್ರಕಾರ ಶತ್ರು ಭೂಮಿಗೆ ಇಳಿದ ಅನ್ಯಲೋಕದ ಪಡೆ. ಕೊನೆಯ ಹಂತದ ಮಾಂಸದ ಗುಹೆಯನ್ನು ಮುಟ್ಟಿದವರಿಗೆ ಮಾತ್ರ ಅದು ಕಣ್ಣಿಗೆ ಬೀಳುತ್ತಿತ್ತು. ತಿಳಿವಿನ ಗಳಿಗೆ ಅಲ್ಲೂ ತಡವಾಗಿಯೇ ಬರುತ್ತಿತ್ತು ಎನ್ನಬಹುದು. 2000ದಲ್ಲಿ ಬಂದ ನೋಕಿಯಾ 3310 ಫೋನಿನ ‘ಸ್ಪೇಸ್ ಇಂಪ್ಯಾಕ್ಟ್’ ಇದೇ ಯುದ್ಧವನ್ನು ಅಂಗೈ ಅಗಲಕ್ಕೆ ಇಳಿಸಿತು.

ಹಂಪಿ–ಹೊಸಪೇಟೆ ಸೀಮೆ

ಆಟಕ್ಕೂ ಯುದ್ಧಕ್ಕೂ ಇರುವ ನಂಟಿನ ಹಳೆಯ ಗುರುತುಗಳು ವಿಜಯನಗರದ ರಾಜಧಾನಿಯಲ್ಲಿ ಕಲ್ಲಿನ ಮೇಲೆ ಉಳಿದಿವೆ. ಹಂಪಿಯ ಮಂಟಪ, ಗುಡಿಗಳ ನೆಲಹಾಸಿನಲ್ಲಿ, ಹಾಸುಬಂಡೆಗಳ ಮೇಲೆ ಆಟದ ಮನೆಗಳನ್ನು ಕೊರೆದಿರುವುದು ಕಾಣುತ್ತದೆ. ಈ ಭಾಗದಲ್ಲಿ ಈಗಲೂ ಗೊತ್ತಿರುವ ಆಡು–ಹುಲಿ ಆಟದಲ್ಲಿ ಎರಡು ಪಕ್ಷಗಳ ಬಲ ಸಮವಲ್ಲ. ಹುಲಿಗಳು ಕೆಲವೇ, ಹಾರಿ ಕೊಲ್ಲಬಲ್ಲವು. ಆಡುಗಳು ಬಹಳ, ಕೊಲ್ಲಲಾರವು, ಸುತ್ತುಗಟ್ಟಿ ಅಲುಗಾಡದಂತೆ ಮಾಡಬಲ್ಲವು. ಬಲಾಢ್ಯ ದಾಳಿಕಾರನನ್ನು ಸಂಖ್ಯೆ ಮತ್ತು ಜಾಣ್ಮೆಯಿಂದ ಕಟ್ಟಿಹಾಕುವ ಈ ಲೆಕ್ಕಾಚಾರವೇ ಅನ್ಯಗ್ರಹ ದಾಳಿಯ ಕಥೆಗಳದೂ ಹೌದು.

ಹಂಪಿಯ ಮಹಾನವಮಿ ದಿಬ್ಬದ ಗೋಡೆಗಳ ಮೇಲೆ ಬೇಟೆ, ಮಲ್ಲಯುದ್ಧ, ಕುದುರೆ, ಆನೆಗಳ ಸಾಲುಗಳಿವೆ. ಸುಮಾರು 1520ರಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್ ನವರಾತ್ರಿಯ ಕುಸ್ತಿ, ಕುಣಿತಗಳನ್ನೂ ಹಬ್ಬ ಮುಗಿದ ಮೇಲೆ ಅರಸ ನಡೆಸುವ ಸೇನಾ ಪರಿವೀಕ್ಷಣೆಯನ್ನೂ ಒಟ್ಟಿಗೇ ವರ್ಣಿಸಿದ್ದಾನೆ. ವಿಜಯನಗರ ಸೋತ 1565ರ ಯುದ್ಧದ ನಂತರ ಆನೆಗಳ ಮೇಲೆ ಸಾಗಿತೆನ್ನುವ ಅದರ ಸಂಪತ್ತಿನ ಜಾಡನ್ನು ವಿಜ್ಞಾನಿ–ಲೇಖಕ ಕೆ.ಎನ್. ಗಣೇಶಯ್ಯನವರ ‘ಕರಿಸಿರಿಯಾನ’ ರೋಚಕ ಕಾದಂಬರಿಯಾಗಿಸಿದೆ. ಸಂಡೂರಿನಲ್ಲಿ ಹುಟ್ಟಿ ಸಾಫ್ಟ್‌ವೇರ್ ಉದ್ಯೋಗದಲ್ಲಿದ್ದು ಬರವಣಿಗೆಗೆ ಬಂದ ವಸುಧೇಂದ್ರರು ‘ತೇಜೋ ತುಂಗಭದ್ರಾ’ದಲ್ಲಿ (2019) ಹೊರಗಿನವರು ಹಡಗೇರಿ ಬಂದ ಕಾಲವನ್ನು ಇತಿಹಾಸದ ನೆಲೆಯಿಂದ ನೋಡಿದರು. ಎರಡೂ ವೈಜ್ಞಾನಿಕ ಕಾದಂಬರಿಗಳಲ್ಲ. ಆದರೆ ದೂರದಿಂದ ಬಂದವರ ಎದುರು ಒಂದು ಲೋಕ ತಲ್ಲಣಿಸುವ ವಸ್ತುವಿಗೆ ಈ ನೆಲದಲ್ಲಿ ಬರವಿಲ್ಲ ಎನ್ನುವುದನ್ನು ಇವು ತೋರಿಸುತ್ತವೆ.

ವಿಡಿಯೊ ಗೇಮ್ ಪಾರ್ಲರ್ ದೊಡ್ಡ ಪೇಟೆಗಳ ಸೌಕರ್ಯವಾಗಿತ್ತು. 2016ರ ನಂತರ ಅಗ್ಗವಾದ ಮೊಬೈಲ್ ಡೇಟಾ ಆಟವನ್ನು ಹೊಸಪೇಟೆ, ಕಂಪ್ಲಿಗಳಷ್ಟೇ ಸುಲಭವಾಗಿ ಹೊಸಪೇಟೆ–ಬಳ್ಳಾರಿ ರೈಲುದಾರಿಯ ಪಾಪಿನಾಯಕನಹಳ್ಳಿಯಂಥ ಊರುಗಳಿಗೂ ಮುಟ್ಟಿಸಿತು. ಪರದೆಯ ಮೇಲೆ ಕರ್ನಾಟಕವೂ ಬಂದಿದೆ: ನಾಟಿ ಡಾಗ್ ಸಂಸ್ಥೆಯ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ (2017) ಪಶ್ಚಿಮ ಘಟ್ಟದಲ್ಲಿ ಹೊಯ್ಸಳರ ಕಾಲದ ನಿಧಿಯನ್ನು ಹುಡುಕುವ ಆಟ.

ಬಳಕೆ

ಈ ಕಥೆಗಳನ್ನು ಸೇನೆಗಳು ಓದಿ ಅನುಕರಿಸಿದವೋ, ಸೇನೆಗಳನ್ನು ನೋಡಿ ಲೇಖಕರು ಬರೆದರೋ ಎಂದು ಬೇರ್ಪಡಿಸುವುದು ಸುಲಭವಲ್ಲ. ಅಮೆರಿಕದ ಮರೀನ್ ದಳ 1990ರ ದಶಕದಲ್ಲಿ ‘ಡೂಮ್’ ಆಟವನ್ನು ಮಾರ್ಪಡಿಸಿ ಅಭ್ಯಾಸಕ್ಕೆ ಬಳಸಿತು. 2002ರ ಜುಲೈ 4ರಂದು ಅಲ್ಲಿನ ಸೇನೆ ‘ಅಮೆರಿಕಾಸ್ ಆರ್ಮಿ’ ಎಂಬ ಆಟವನ್ನು ಉಚಿತವಾಗಿ ಬಿಡುಗಡೆ ಮಾಡಿತು. ಯುವಕರನ್ನು ಸೇನೆಯತ್ತ ಸೆಳೆಯುವುದು ಅದರ ಬಹಿರಂಗ ಉದ್ದೇಶವಾಗಿತ್ತು. 2018ರಲ್ಲಿ ಸೇವೆಗೆ ಸೇರಿದ ಯುಎಸ್‌ಎಸ್ ಕೊಲರಾಡೊ ಜಲಾಂತರ್ಗಾಮಿಯಲ್ಲಿ ಪೆರಿಸ್ಕೋಪ್ ತಿರುಗಿಸಲು ಎಕ್ಸ್‌ಬಾಕ್ಸ್ ಆಟದ ಕಂಟ್ರೋಲರನ್ನೇ ಅಳವಡಿಸಿದರು, ಹೊಸ ನಾವಿಕರ ಬೆರಳುಗಳಿಗೆ ಅದರ ಅಭ್ಯಾಸ ಮೊದಲೇ ಇರುತ್ತದೆ ಎಂಬ ಕಾರಣಕ್ಕೆ. ಉಕ್ರೇನ್ ಯುದ್ಧದಲ್ಲಿ ಕಣ್ಣಿಗೆ ವಿಡಿಯೊ ಕನ್ನಡಕ ಕಟ್ಟಿಕೊಂಡು ಸಣ್ಣ ಡ್ರೋನ್‌ಗಳನ್ನು ಗುರಿಗೆ ಒಯ್ಯುವ ಸೈನಿಕರ ಕೆಲಸ ಆರ್ಮಡಾದ ಯೋಧರ ಕೆಲಸವನ್ನು ಬಹಳಷ್ಟು ಹೋಲುತ್ತದೆ. ಶತ್ರು ಮಾತ್ರ ಮನುಷ್ಯ.

ಇಂದಿನ ಸ್ಥಿತಿ

‘ಎಂಡರ್ಸ್ ಗೇಮ್’ 2013ರಲ್ಲಿ ಗ್ಯಾವಿನ್ ಹುಡ್ ನಿರ್ದೇಶನದಲ್ಲಿ, ‘ರೆಡಿ ಪ್ಲೇಯರ್ ಒನ್’ 2018ರಲ್ಲಿ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶನದಲ್ಲಿ ಚಿತ್ರಗಳಾದವು. ಆರ್ಮಡಾದ ಚಿತ್ರಹಕ್ಕನ್ನು ಯೂನಿವರ್ಸಲ್ ಸಂಸ್ಥೆ ಪುಸ್ತಕ ಬರುವ ಮೊದಲೇ ಕೊಂಡಿತ್ತು.

ಕರ್ನಾಟಕದಲ್ಲಿ ವಿಡಿಯೊ ಗೇಮ್ ಒಂದು ಕಡೆ ಉದ್ಯಮ, ಇನ್ನೊಂದು ಕಡೆ ಕಾನೂನಿನ ವಿಷಯ. ಅನಿಮೇಷನ್, ದೃಶ್ಯ ಪರಿಣಾಮ, ಗೇಮಿಂಗ್ ಮತ್ತು ಕಾಮಿಕ್ಸ್‌ಗೆ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ಇದು (2012). ಇತ್ತೀಚಿನ ನೀತಿ 2024–29ರ ಅವಧಿಯದು. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪಬ್ಜಿ ಮೊಬೈಲ್ ಆಟವನ್ನು ನಿಷೇಧಿಸಿತು; 2021ರಲ್ಲಿ ಅದು ಬಿಜಿಎಂಐ ಎಂಬ ಹೆಸರಿನಲ್ಲಿ ಮರಳಿತು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ವಿರುದ್ಧ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದಿತು. ಅದರ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರವರಿ 14ರಂದು ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ಹಣದ ಆಟಗಳನ್ನು ದೇಶಾದ್ಯಂತ ನಿಷೇಧಿಸಿ, ಇ–ಸ್ಪೋರ್ಟ್ಸ್ ಅನ್ನು ಕ್ರೀಡೆಯ ಒಂದು ಬಗೆಯಾಗಿ ಮಾನ್ಯ ಮಾಡಿತು. ಪರದೆಯ ಮುಂದೆ ಆಡುವವನೂ ಈಗ ಕಾನೂನಿನ ಭಾಷೆಯಲ್ಲಿ ಆಟಗಾರ.